ಅರಸರ ವರ್ಷಗಳಿಗೆ ಗಂಟು ಹಾಕಿದ್ದು

ಮಸ್ಕಿಯ ಹೈಸ್ಕೂಲಿಗೆ ಗಣಿತದ ಶಿಕ್ಷಕಿಯಾಗಿ ವರ್ಗವಾದಾಗ ನಾವು ಲಿಂಗಸುಗೂರಿನಲ್ಲಿ ಮನೆ ಹಿಡಿದೆವು. ನನ್ನ ಗಂಡನಿಗೆ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ. ಅವರದೊಂದು ದಿಕ್ಕಿನ ಬಸ್ಸು, ನನ್ನದೊಂದು ದಿಕ್ಕಿನ ಬಸ್ಸು. ಭಾನುವಾರ ಅವರಿಗೆ ಪಾಳಿ ಬಿದ್ದರೆ ಮನೆಯಲ್ಲಿ ನಾನೊಬ್ಬಳೇ. ಹಾಗೆ ಒಬ್ಬಳೇ ಇದ್ದ ಭಾನುವಾರಗಳಲ್ಲೇ ನನಗೆ ಪಕ್ಕದ ಮನೆಯವರು ಹತ್ತಿರವಾದರು.

ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಇದ್ದವರು ನಿವೃತ್ತ ಪಾಸ್ಟರ್ ಮತ್ತು ಅವರ ಹೆಂಡತಿ. ಓಣಿಯವರೆಲ್ಲ ಅವರನ್ನು ಅಯ್ಯನೋರು, ಅಮ್ಮನೋರು ಅನ್ನುತ್ತಿದ್ದರು. ನಾವೂ ಹಾಗೇ ಕರೆದೆವು. ಮಕ್ಕಳಿಲ್ಲದ ಜೋಡಿ. ಅಯ್ಯನೋರು ಹುಟ್ಟಿದ್ದು ಬಳಗಾನೂರಿನಲ್ಲಿ, ಕೂಲಿ ಮಾಡುವ ಮನೆತನದಲ್ಲಿ. ಅಮ್ಮನೋರ ತವರು ಮುದಗಲ್. ಅಯ್ಯನೋರಿಗೆ ಸಕ್ರಿ ಬ್ಯಾನಿ, ಅಂದರೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಎದುರಿಗೆ ಬಂದವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಕ್ಷರ ಅಂತೂ ಪೂರ್ತಿ ಹೋಗಿತ್ತು. ಬದುಕೆಲ್ಲ ಓದಿಕೊಂಡೇ ಬಂದ ಮನುಷ್ಯ. ಬೆಳಗಾದರೆ ಅಮ್ಮನೋರು ಮಗ್ಗುಲಲ್ಲಿ ಕೂತು ಅವರ ಧರ್ಮಗ್ರಂಥದ ಒಂದು ಅಧ್ಯಾಯ ಓದಿ ಹೇಳುತ್ತಿದ್ದರು. ಆ ಓದು ಗೋಡೆಯಾಚೆ ನಮ್ಮ ಅಡುಗೆ ಮನೆಗೆ ಕೇಳುತ್ತಿತ್ತು. ಅರ್ಥಕ್ಕಿಂತ ಹೆಚ್ಚಾಗಿ ಆ ದನಿಯೇ ನನಗೆ ಹಿಡಿಸಿತ್ತು. ನಮ್ಮವ್ವ ತುರ್ವಿಹಾಳದ ಮನೆಯಲ್ಲಿ ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದಾಗ ಇಂಥದೇ ದನಿ ಇರುತ್ತಿತ್ತು.

ಒಂದು ಭಾನುವಾರ ಕರಿಬೇವು ಕೇಳಲು ಹೋದೆ. ಅಮ್ಮನೋರು ಕಟ್ಟೆಯ ಮೇಲೆ ಪುಂಡಿಪಲ್ಯ ಸೋಸುತ್ತ ಕೂತಿದ್ದರು. ನನ್ನನ್ನು ನೋಡಿದವರೇ ಒಳಗೆ ಮುಖ ಮಾಡಿ ಹೇಳಿದರು.

"ಏನ್ರಿ, ಲೆಕ್ಕದ ಟೀಚರಮ್ಮನೇ ಬಂದಾರ. ನಿಮ್ಮ ಅರಸರ ಹಿಸಾಬ ಇವರಿಗೆ ಒಪ್ಪಸ್ರಿ, ನನ್ನ ಕೈಲೆ ಆಗೂದಿಲ್ಲ."

"ಎಂಥಾ ಹಿಸಾಬ್ರಿ?" ಎಂದೆ.

"ಅರಸರ ಹೆಸರು ಓದೂದ್ರಾಗ ನನ್ನ ನಾಲಿಗಿ ಗಂಟು ಬೀಳ್ತೈತ್ರಿ. ಮ್ಯಾಲೆ ಇವರು ಕೂಡಸು, ಕಳಿ ಅಂತಾರ. ಕೂಡಸಾಕ ನಾ ಏನು ಸಾಲಿ ಕಲಿತೀನಿ?"

ಅಯ್ಯನೋರು ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಅವತ್ತು ಅವರು ಹೇಳಿದ ಲೆಕ್ಕ ಇದು.

ಬಹಳ ಹಿಂದೆ ಇಬ್ರಿಯರಿಗೆ ಒಂದೇ ರಾಜ್ಯ ಇತ್ತು. ದೊಡ್ಡ ಅರಸನೊಬ್ಬ ತೀರಿಕೊಂಡ ಮೇಲೆ ಅದು ಎರಡಾಗಿ ಒಡೆಯಿತು. ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆಹೂದ. ಎರಡೂ ಕಡೆ ಒಂದೇ ಕಾಲಕ್ಕೆ ಹೊಸ ಅರಸರು ಕೂತರು. ಆಮೇಲೆ ಮೂರ್ನಾಲ್ಕು ತಲೆಮಾರು ಕಳೆದು ಒಬ್ಬ ಸೇನಾಪತಿ ಬಂಡೆದ್ದು, ಎರಡೂ ರಾಜ್ಯದ ಅರಸರನ್ನು ಒಂದೇ ಸಲಕ್ಕೆ ಮುಗಿಸಿದ. ಅಂದರೆ ಶುರುವೂ ಒಂದೇ, ಕೊನೆಯೂ ಒಂದೇ. ನಡುವೆ ಯಾವ ಅರಸ ಎಷ್ಟು ವರ್ಷ ಆಳಿದ ಎಂದು ಗ್ರಂಥದಲ್ಲಿ ಬರೆದಿದೆ. ಉತ್ತರದವರ ವರ್ಷ ಕೂಡಿಸಿದರೆ ತೊಂಬತ್ತೆಂಟು. ದಕ್ಷಿಣದವರದು ತೊಂಬತ್ತೈದು.

"ಕಾಲ ಒಂದೇ, ಮೊತ್ತ ಬ್ಯಾರೆ," ಎಂದರು ಅಯ್ಯನೋರು. "ಹೆಂಗ ಹತ್ತಿಸ್ತೀರಿ? ಎರಡೂ ಹೆಂಗ ಹೊಂದಸ್ತೀರಿ?"

ನಾನು ಮನಸ್ಸಿನಲ್ಲೇ ಕೂಡಿಸಿ ಕಳೆದೆ. "ಬರಕೊಂಡೋರು ತಪ್ಪಿರಬೇಕ್ರಿ. ಮೂರು ವರ್ಷ ತಾನ?"

ಅಮ್ಮನೋರ ಕೈ ಪಲ್ಯದ ಮೇಲೆ ನಿಂತಿತು. ಆಮೇಲೆ ಅಯ್ಯನೋರು ಮೆಲ್ಲಗೆ, "ತಪ್ಪು ಅನ್ನೋದು ಸಸಾರ ಯವ್ವಾ. ಬರದೋನು ನಮ್ಮಂಗ ಎಣಿಸ್ತಿದ್ದನೋ ಇಲ್ಲೋ, ಅದನ್ನ ಮೊದಲು ಕೇಳಬೇಕು," ಎಂದರು.

ಆ ಮಾತು ಮರುದಿನ ಬಸ್ಸಿನಲ್ಲಿಯೂ ನನ್ನ ಜೊತೆ ಇತ್ತು. ಉತ್ತರ ತಪ್ಪಾಗಿದ್ದರೆ ಮಕ್ಕಳ ಹಾಳೆಯ ಮೇಲೆ ಕೆಂಪು ಗೆರೆ ಎಳೆಯುವವಳು ನಾನು. ಆ ಮಗು ಹೇಗೆ ಎಣಿಸಿತು ಎಂದು ಯಾವತ್ತಾದರೂ ಕೇಳಿದ್ದೆನೇ ಎಂದು ಯೋಚಿಸಿದೆ. ಮುಂದಿನ ಭಾನುವಾರ ನಾನಾಗಿಯೇ ಹೋದೆ.

ಪಂಡಿತರು ಈ ಲೆಕ್ಕವನ್ನು ಬಿಡಿಸಿದ್ದಾರೆಂದು ಅಯ್ಯನೋರಿಗೆ ಗೊತ್ತಿತ್ತು. ಕಣ್ಣು ನೆಟ್ಟಗಿದ್ದಾಗ ದಪ್ಪ ಪುಸ್ತಕಗಳಲ್ಲಿ ಓದಿದ್ದರು. "ಆದ್ರ ನಾ ಓದಿದ್ದು ಬ್ಯಾರೆ, ಒಬ್ಬರಿಗೆ ತಿಳಿಸೂದು ಬ್ಯಾರೆ," ಅನ್ನುತ್ತಿದ್ದರು. "ನಾಟಿ ಹಚ್ಚಿ ಬಂದ ಹೆಣ್ಣಮಕ್ಕಳು ಗುಡಿಯಾಗ ಕುಂತು ಕೇಳಿದ್ರ ಅವರಿಗೆ ತಿಳೀಬೇಕು. ಹಂಗ ಹೇಳಾಕ ನನಗ ಬಂದಿಲ್ಲ." ಚರ್ಚಿಗೆ ಅವರು ಗುಡಿ ಅನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕೈಯಲ್ಲಿ ಹಿಡಿಯುವಂಥ ಒಂದು ಲೆಕ್ಕ. ಕಣ್ಣಿಲ್ಲದ ಅವರಿಗೂ ಅದೇ ಬೇಕಾಗಿತ್ತು.

ಹುರಿಯ ಯೋಚನೆ ನನ್ನದು. ಸಂಖ್ಯಾರೇಖೆ ಕಲಿಸುವಾಗ ತರಗತಿಯಲ್ಲಿ ನಾನು ಹಗ್ಗ ಕಟ್ಟುತ್ತಿದ್ದೆ. ಬಜಾರದಿಂದ ಬಿಳಿಯದೊಂದು, ನೀಲಿಯದೊಂದು ಉದ್ದನೆಯ ನೂಲಿನ ಹುರಿ ತಂದೆ. ಬಿಳಿ ಉತ್ತರಕ್ಕೆ, ನೀಲಿ ದಕ್ಷಿಣಕ್ಕೆ. ಒಂದು ವರ್ಷಕ್ಕೆ ಒಂದು ಗಂಟು. ಒಬ್ಬ ಅರಸ ಮುಗಿದಲ್ಲಿ ಬಟ್ಟೆಯ ಚೂರು ಕಟ್ಟುವುದು. ಅಮ್ಮನೋರು ಒಂದು ಕಾಲದಲ್ಲಿ ಸೀರೆಗೆ ಕುಚ್ಚು ಕಟ್ಟಿದವರು, ಅವರ ಗಂಟು ಅಳತೆಗೋಲು ಇಟ್ಟಂತೆ ಸಮನಾಗಿ ಬೀಳುತ್ತಿತ್ತು. ನಾನು ಹಾಕಿದ ಗಂಟುಗಳನ್ನು ಅವರು ಮಾತಾಡದೆ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಉತ್ತರದಲ್ಲಿ ಒಬ್ಬ ಅರಸ ಆಳಿದ್ದು ಏಳೇ ದಿನ. ಅವನಿಗೆ ಏನು ಮಾಡುವುದು ಎಂಬ ಪ್ರಶ್ನೆ ಬಂತು.

"ಅವಂಗ ಗಂಟು ಇಲ್ಲ," ಎಂದರು ಅಯ್ಯನೋರು.

"ಅಯ್ಯ, ಕುಂತಿದ್ದು ಖರೆ ಅಲ್ಲೇನ್ರಿ," ಎಂದು ಅಮ್ಮನೋರು ತಮ್ಮ ಸೂಜಿ ಡಬ್ಬಿಯಿಂದ ಒಂದು ಕೆಂಪು ದಾರ ತೆಗೆದು ಅಲ್ಲಿ ಸುತ್ತಿದರು. ಯಾರ ಲೆಕ್ಕಕ್ಕೂ ಬಾರದ ಆ ಅರಸನಿಗೆ ನಮ್ಮ ಹುರಿಯಲ್ಲಿ ಒಂದು ಜಾಗ ಸಿಕ್ಕಿತು.

ಎರಡೂ ಹುರಿಯ ತಲೆಗಳನ್ನು ಒಂದೇ ಗಂಟಾಗಿ ಕಟ್ಟಿ ಕಿಟಕಿಯ ಸರಳಿಗೆ ಹಾಕಿ, ಪಡಸಾಲೆಯ ಉದ್ದಕ್ಕೂ ಎಳೆದೆವು. ಬಿಳಿ ಹುರಿಯ ತುದಿ ಮೂರು ಗಂಟು ಮುಂದೆ ಹೋಗಿ ಜೋತು ಬಿತ್ತು. ಅಯ್ಯನೋರು ಬೆರಳಿನಿಂದ ಆ ಮೂರು ಗಂಟು ಮುಟ್ಟಿ ನೋಡಿದರು. "ಇವೇ ನೋಡ್ರಿ. ಈ ಮೂರ ಗಂಟಿಗೆ ನಮ್ಮ ಮನ್ಯಾಗ ಮಾತು ಬಿಟ್ಟದ್ದು," ಎಂದರು.

ಅದರ ಹಕೀಕತ್ತನ್ನು ಅಮ್ಮನೋರು ಅಡುಗೆ ಮನೆಯಲ್ಲಿ ಹೇಳಿದರು. ಅಯ್ಯನೋರಿಗೆ ಒಬ್ಬ ತಮ್ಮ. ಸಣ್ಣಂದಿನಲ್ಲೇ ತಂದೆ ತೀರಿದ ಮೇಲೆ ಆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಇವರು. ಓದು ಕಲಿಸಿದವರೂ ಇವರೇ. ಮುಂದೆ ತಮ್ಮನೂ ಪಾಸ್ಟರ್ ಆಗಿ ಸಿಂಧನೂರಿನಲ್ಲಿ ನೆಲೆಸಿದ. ಹತ್ತು ಹನ್ನೆರಡು ವರ್ಷದ ಕೆಳಗೆ ತಮ್ಮನ ಗುಡಿಯಲ್ಲಿ ಒಂದು ಕೂಟ ಇತ್ತು. ಅಲ್ಲಿ ಅಣ್ಣ ಮಾತಿಗೆ ನಿಂತು, ಗ್ರಂಥದಲ್ಲಿ ಅರಸರ ವರ್ಷಗಳು ಮೇಲುನೋಟಕ್ಕೆ ಹತ್ತುವುದಿಲ್ಲ ಎಂದು ಹೇಳಿದರು. ಯಾಕೆ ಎಂದು ವಿವರಿಸುವ ಮೊದಲೇ ತಮ್ಮ ಎದ್ದು ನಿಂತು, ಹಿಂಗ ಸಂಶಯ ಹುಟ್ಟಿಸುವವರು ಇಲ್ಲಿ ಮಾತಾಡುವುದು ಬ್ಯಾಡ ಎಂದುಬಿಟ್ಟ, ಎಲ್ಲರ ಎದುರಿಗೆ. ಅಣ್ಣ ಕೈಯಲ್ಲಿದ್ದ ಗ್ರಂಥ ಮುಚ್ಚಿ, ಹೊರಗೆ ಬಂದು ಲಿಂಗಸುಗೂರಿನ ಬಸ್ಸು ಹತ್ತಿದರು. ಅವತ್ತಿನಿಂದ ಮಾತಿಲ್ಲ.

"ನಾವು ಹೆಂಗಸ್ರು ಮಾತ್ರ ಫೋನ್ ಹಚ್ಚತೀವಿ," ಎಂದರು ಅಮ್ಮನೋರು. "ಮೈದುನನ ಹೇಣ್ತಿ, ನನ್ನ ನೆಗೆಣ್ಣಿ, ಅಕಿ ನನ್ನ ತಂಗಿ ಇದ್ದಂಗ. ಗಂಡಸ್ರು ಮಾತು ಬಿಟ್ರ ನಾವೂ ಬಿಡಬೇಕಂತ ಎಲ್ಲೈತಿ?"

ಬಿಳಿ ಹುರಿಯ ಲೆಕ್ಕ ಹತ್ತಿದ್ದು ಒಂದು ಮಧ್ಯಾಹ್ನ, ಊಟದ ಮಾತಿನ ನಡುವೆ. ಅವತ್ತು ನನ್ನ ಹುಟ್ಟಿದ ದಿನ. ಅವ್ವ ತುರ್ವಿಹಾಳದಿಂದ ಫೋನು ಮಾಡಿ, "ನಿನಗ ನಲವತ್ಮೂರು ನಡಿಯಾಕತ್ತಾವ, ಒಪ್ಪತ್ತು ಮಾಡಿ ಮಾಡಿ ಸೊರಗಬ್ಯಾಡ," ಅಂದಿದ್ದಳು. ಶಾಲೆಯ ದಾಖಲೆಯಲ್ಲಿ ನನಗೆ ನಲವತ್ತೆರಡು. ಇದನ್ನು ಹೇಳಿದಾಗ ಅಯ್ಯನೋರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಅದ. ಅದನ್ನ ಹೇಳಬೇಕಿತ್ತು ನಾನು. ನಿಮ್ಮವ್ವ ನಡಿಯೋ ವರ್ಷ ಎಣಸ್ತಾಳ. ಸಾಲಿಯವರು ತುಂಬಿದ ವರ್ಷ ಎಣಸ್ತಾರ. ಇಬ್ಬರದೂ ಖರೆ."

ಉತ್ತರದವರು ನಡೆಯುವ ವರ್ಷ ಎಣಿಸುವವರು. ಅರಸನೊಬ್ಬ ವರ್ಷದ ಕೊನೆಗೆ ಪಟ್ಟಕ್ಕೆ ಬಂದರೂ, ಉಳಿದ ಆ ನಾಲ್ಕು ದಿನವೇ ಅವನ ಮೊದಲ ವರ್ಷ. ಅದೇ ವರ್ಷ ಸತ್ತ ಹಳೆಯ ಅರಸನ ಲೆಕ್ಕಕ್ಕೂ ಸೇರಿರುತ್ತದೆ. ಒಂದೇ ವರ್ಷ ಎರಡು ಸಲ ಎಣಿಕೆಯಾಯಿತು. ದಕ್ಷಿಣದವರು ಹಾಗಲ್ಲ. ಹೊಸ ವರ್ಷ ಹುಟ್ಟಿದ ಮೇಲೇ ಹೊಸ ಅರಸನ ಮೊದಲ ವರ್ಷ. ಮೇಲಾಗಿ ಒಬ್ಬರ ಹೊಸ ವರ್ಷ ನಮ್ಮ ಯುಗಾದಿಯ ಹೊತ್ತಿಗೆ, ಇನ್ನೊಬ್ಬರದು ದಸರೆಯ ಹೊತ್ತಿಗೆ ಹುಟ್ಟುತ್ತಿತ್ತು ಎಂದೂ ಅಯ್ಯನೋರು ಹೇಳಿದರು. ನಮ್ಮಲ್ಲೂ ಪಂಚಾಂಗಕ್ಕೆ ಯುಗಾದಿ, ಅಂಗಡಿಯವರಿಗೆ ದೀಪಾವಳಿ ಪಾಡ್ಯ, ಶಾಲೆಗೆ ಜೂನ್. ಇಷ್ಟು ವರ್ಷ ಈ ಮೂರು ಹೊಸ ವರ್ಷಗಳ ನಡುವೆ ಬದುಕಿಯೂ ನನಗದು ಒಂದು ಲೆಕ್ಕವಾಗಿ ಕಂಡಿರಲಿಲ್ಲ.

ಕೈ ತೊಳೆದು ಹುರಿಯ ಮುಂದೆ ಕೂತೆವು. ಬಿಳಿ ಹುರಿಯಲ್ಲಿ ಒಬ್ಬ ಅರಸನ ಕೊನೆಯ ಗಂಟನ್ನು ಮುಂದಿನವನ ಮೊದಲ ಗಂಟಿನ ಮೇಲೆ ಮಡಿಸಿ ಅಮ್ಮನೋರು ಹೊಲಿಗೆ ಹಾಕಿದರು. ಮೊಟ್ಟಮೊದಲ ಅರಸನ ಮೊದಲ ವರ್ಷ ತೀರಿಕೊಂಡ ದೊಡ್ಡ ಅರಸನದೂ ಆಗಿತ್ತಲ್ಲ, ಅವನ ಮೊದಲ ಗಂಟನ್ನು ಎರಡೂ ಹುರಿ ಕೂಡಿದ ತಲೆಗಂಟಿನ ಮೇಲೇ ಕೂರಿಸಿದೆವು. ಏಳು ದಿನದವನನ್ನು ಬಿಟ್ಟರೆ ಅರಸರು ಎಂಟು ಜನ, ಹಾಗಾಗಿ ಎಂಟು ಗಂಟು ಹೋಯಿತು. ತೊಂಬತ್ತು ಉಳಿಯಿತು.

ನಾನು ಸಂತೋಷದಿಂದ ಎರಡೂ ಹುರಿಯನ್ನು ಎಳೆದು ನೋಡಿದೆ. ಈಗ ನೀಲಿಯದೇ ಉದ್ದ. ಐದು ಗಂಟು ಮುಂದೆ ಹೋಗಿತ್ತು.

"ಮೊದಲು ಮೂರು ಹೆಚ್ಚಿತ್ತು. ಈಗ ಐದು ಕಡಿಮಿ ಬಂತಲ್ರಿ," ಎಂದೆ. ನನ್ನ ದನಿಯಲ್ಲಿದ್ದ ಬೇಸರ ಕೇಳಿ ಅಯ್ಯನೋರು ನಕ್ಕರು.

"ನೀಲಿ ಹುರಿ ಇರ್ಲಿ ಬಿಡ್ರಿ. ಅದಕ್ಕ ಅವಸರ ಇಲ್ಲ."

ಮುಂದಿನ ಭಾನುವಾರವೂ, ಅದರ ಮುಂದಿನದೂ ಅವರು ನೀಲಿ ಹುರಿಯ ಮಾತು ಎತ್ತಲಿಲ್ಲ. ನಾನು ಎತ್ತಿದರೆ, ಅಮ್ಮನೋರಿಗೆ ಚಹಾ ಮಾಡಲು ಹೇಳುತ್ತಿದ್ದರು. ಹುರಿ ಎರಡೂ ಸುತ್ತಿಕೊಂಡು ಮೊಳೆಗೆ ನೇತಾಡುತ್ತಿದ್ದವು. ಪ್ರಾಯದಲ್ಲಿ ಓದಿದ್ದು ಮರೆತಿರಬೇಕು, ಮರೆತೆ ಎನ್ನಲು ಸಂಕೋಚ ಇರಬೇಕು ಎಂದುಕೊಂಡು ನಾನೂ ಒತ್ತಾಯ ಮಾಡಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಸಿಂಧನೂರಿನಲ್ಲಿ ಶಿಕ್ಷಕರ ತರಬೇತಿ ಬಂತು. ವಿಷಯ ಗೊತ್ತಾಗಿ ಅಮ್ಮನೋರು ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ ತಂದುಕೊಟ್ಟರು. "ನನ್ನ ನೆಗೆಣ್ಣಿಗೆ ಮುಟ್ಟಸ್ರಿ. ಬಸ್ ಸ್ಟ್ಯಾಂಡಿನ ಹಿಂದೇ ಮನಿ." ಗಂಡನಿಗೆ ಕೇಳದ ಹಾಗೆ ಹೇಳಿದ್ದು ಅದು. ಆದರೆ ಒಳಗೆ ಕೂತಿದ್ದ ಅಯ್ಯನೋರು, "ಹೋಗ್ತಾ ಬಿಸಲಾಗ ಛತ್ರಿ ತೊಗೊಂಡ ಹೋಗ್ರಿ ಟೀಚರಮ್ಮ," ಎಂದರು. ಕೇಳಿಸಿತ್ತೆಂದು ನಮಗಿಬ್ಬರಿಗೂ ತಿಳಿಯಿತು.

ತರಬೇತಿ ಮುಗಿದ ಸಂಜೆ ಆ ಮನೆಗೆ ಹೋದೆ. ಬಾಗಿಲು ತೆರೆದವರನ್ನು ನೋಡಿದರೆ ಅಯ್ಯನೋರೇ ಎದುರಿಗೆ ನಿಂತಂತಿತ್ತು. ಅದೇ ಹಣೆ, ಅದೇ ಕಿವಿ. ಮುಖದ ಮೇಲಿನ ಬಿಗುವು ಮಾತ್ರ ಬೇರೆ. ಅವರ ಹೆಂಡತಿ ಡಬ್ಬಿ ತೆಗೆದುಕೊಂಡು, ಕೂರಿಸಿ, ಮಂಡಾಳ ಒಗ್ಗರಣೆ ಮಾಡಲು ಒಳಗೆ ಹೋದರು. ತಮ್ಮ, ಸಣ್ಣ ಅಯ್ಯನೋರು, ನನ್ನ ಎದುರಿಗೆ ಕೂತು, ನನ್ನ ಶಾಲೆ ಯಾವುದು, ಬಿಸಿಲು ಹೇಗೆ ಎಂದೆಲ್ಲ ಕೇಳಿದರು. ಒಂದು ಕಾಲನ್ನು ಮುಂದೆ ಚಾಚಿಕೊಂಡಿದ್ದರು. ಪಾದಕ್ಕೆ ಬಿಳಿ ಪಟ್ಟಿ ಸುತ್ತಿತ್ತು.

"ಸಕ್ರಿ," ಎಂದರು, ನಾನು ನೋಡಿದ್ದನ್ನು ಕಂಡು. "ಹೆಬ್ಬಟ್ಟು ತಗದಾರ ದವಾಖಾನ್ಯಾಗ. ಅಲ್ಲಿ ಹೇಳಬ್ಯಾಡ್ರಿ."

ಹೆಂಡತಿ ಒಳಗೇ ಇದ್ದಾಗ ಅವರು ದನಿ ತಗ್ಗಿಸಿ ಕೇಳಿದರು. "ಅಣ್ಣನ ಕಣ್ಣು ಹೆಂಗೈತ್ರಿ?"

"ಅಕ್ಷರ ಕಾಣೂದಿಲ್ರಿ. ಮಂದಿ ಆಕಾರ ಕಾಣ್ತೈತಂತ."

ಅವರು ಪಾದದ ಪಟ್ಟಿ ಸರಿಪಡಿಸಿಕೊಂಡರು. "ಇನ್ನೂ ಆ ಅರಸರ ಹಿಸಾಬು ಹಿಡಕೊಂಡ ಕುಂತಾನೇನು?"

ಹುರಿಯ ಸಂಗತಿ ಹೇಳಿದೆ. ಬಿಳಿ ಹುರಿಯ ಲೆಕ್ಕ ಹತ್ತಿದ ಬಗೆ, ನಮ್ಮವ್ವನ ನಲವತ್ಮೂರು, ಕೆಂಪು ದಾರದ ಅರಸ. ಕೇಳುತ್ತ ಕೇಳುತ್ತ ಅವರ ಮುಖದ ಬಿಗುವು ಸಡಿಲವಾಯಿತು.

"ಅವತ್ತು ನನಗ ಸಿಟ್ಟು ಬಂದಿತ್ತಂತ ಎಲ್ಲಾರೂ ತಿಳಕೊಂಡಾರ," ಎಂದರು. "ಸಿಟ್ಟಲ್ರಿ. ಹೆದರಿಕಿ. ಆ ಕೂಟದಾಗ ಹೊಸದಾಗಿ ಬಂದ ಮಂದಿ ಕುಂತಿದ್ರು. ಊರಾಗ ಮಾತು ಕೇಳಿ, ಮನ್ಯಾಗ ಬೈಸ್ಕೊಂಡು ಬಂದೋರು. ಅವರ ಕೈಯಾಗ ಇದ್ದದ್ದು ಆ ಪುಸ್ತಕ ಒಂದ. ಅದರಾಗ ಹಿಸಾಬು ತಪ್ಪೈತಿ ಅಂತ ಕಿವಿಗೆ ಬಿದ್ರ ಅವರು ಎಲ್ಲಿಗೆ ಹೋಗ್ಬೇಕು? ಅಣ್ಣ ಮುಂದ ಬಿಡಿಸಿ ಹೇಳ್ತಾನಂತ ನನಗ ಗೊತ್ತಿತ್ತು. ಅಲ್ಲೀಮಟ ಕಾಯಾಕ ಆಗಲಿಲ್ಲ."

"ಇದನ್ನ ಅವರಿಗೇ ಹೇಳಬಹುದಲ್ರಿ."

"ಹೆಂಗ ಹೇಳಲಿ? ನನಗ ಅಕ್ಷರ ತಿದ್ದಿಸಿದ ಮನಷ್ಯಾಗ ಎದ್ದು ಹೋಗು ಅಂದೀನಿ."

ಆಗ ಅವರ ಹೆಂಡತಿ ತಟ್ಟೆ ಹಿಡಿದು ಬಂದರು, ಮಾತು ನಿಂತಿತು. ಹೊರಡುವಾಗ ಬಾಗಿಲವರೆಗೆ ಬಂದು, "ನೀಲಿ ಹುರಿ ಎಷ್ಟು ಉದ್ದ ಬಂತಂದ್ರಿ?" ಎಂದು ಕೇಳಿದರು.

"ಐದು ಗಂಟ್ರಿ."

ಅವರು ತಮ್ಮೊಳಗೇ ಏನೋ ಎಣಿಸುವಂತೆ ತುಟಿ ಆಡಿಸಿದರು.

ಲಿಂಗಸುಗೂರಿಗೆ ಬಂದು ನಾನು ಏನೂ ಹೇಳಲಿಲ್ಲ. ಹೇಳಲು ನನ್ನ ಮಾತಲ್ಲ ಅದು. ಅಯ್ಯನೋರೂ ಕೇಳಲಿಲ್ಲ. ಬಿಸಿಲು ಹೆಚ್ಚಾಗಿತ್ತಾ ಎಂದು ಮಾತ್ರ ಕೇಳಿದರು.

ಅದಾಗಿ ಎರಡು ವಾರಕ್ಕೋ ಏನೋ, ಭಾನುವಾರದ ಇಳಿಹೊತ್ತು, ನಾವು ಮೂವರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಹೊರಗೆ ಆಟೋ ನಿಂತ ಸದ್ದು. ಯಾರೋ ಮೆಟ್ಟಿಲು ಹತ್ತತೊಡಗಿದರು, ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. ಅಮ್ಮನೋರು ಬಾಗಿಲ ಕಡೆ ನೋಡಿ ಬಾಯಿಗೆ ಸೆರಗು ಹಿಡಿದರು. ಬಂದವರು ಹೊಸ್ತಿಲಲ್ಲೇ ನಿಂತರು.

ಅಯ್ಯನೋರು ತಲೆ ಎತ್ತಿ ಆ ಆಕಾರದ ಕಡೆ ನೋಡಿದರು.

"ಯಾಕ ಕುಂಟಾಕತ್ತೀ?" ಎಂದರು.

ಅಷ್ಟು ವರ್ಷದ ಮೇಲೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. "ಏನಿಲ್ಲ ಅಣ್ಣ, ಒಂದು ಬಟ್ಟು ತಗದಾರ," ಎಂದರು.

"ಬಾ ಇಲ್ಲೆ. ಕುಂದ್ರು. ಕಾಲು ನೋಡೂನು."

ತಮ್ಮ ಬಂದು ಪಕ್ಕದಲ್ಲಿ ಕೂತರು. ಅಣ್ಣ ಕಾಣದ ಕಣ್ಣಿನಿಂದ, ಬೆರಳಿನಿಂದ ಆ ಪಟ್ಟಿ ಕಟ್ಟಿದ ಪಾದವನ್ನು ಮೆಲ್ಲಗೆ ಸವರಿ ನೋಡಿದರು. ಎಷ್ಟು ದಿನವಾಯಿತು, ಯಾವ ಡಾಕ್ಟರು, ಅನ್ನ ಬಿಟ್ಟಿದ್ದಾನೋ ಇಲ್ಲವೋ ಎಂದೆಲ್ಲ ಕೇಳಿದರು. ನನಗೆ ಅಲ್ಲಿ ಕೂರುವುದು ಸರಿ ಅನ್ನಿಸದೆ ಏಳಹೋದೆ. ಅಮ್ಮನೋರು ನನ್ನ ಕೈ ಹಿಡಿದು ಕೂರಿಸಿದರು. "ಇರ್ರಿ. ನೀವಿದ್ರ ಅವರಿಗೆ ಮಾತು ಸಸಾರ ಆಗ್ತಾವ," ಎಂದು ಪಿಸುಗುಟ್ಟಿದರು.

ಚಹಾ ಆದ ಮೇಲೆ ತಮ್ಮ ಮೊಳೆಯ ಕಡೆ ನೋಡಿ, "ಅವೇ ಏನು ಹುರಿ?" ಎಂದರು. ತೆಗೆದು ಎಳೆದು ತೋರಿಸಿದೆ. ಅವರು ಬಿಳಿ ಹುರಿಯ ಮಡಿಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಗ್ರಂಥವೆಲ್ಲ ಅವರಿಗೆ ಬಾಯಿಪಾಠ, ಪ್ರತಿ ಬಟ್ಟೆಚೂರಿಗೂ ಅರಸನ ಹೆಸರು ಹೇಳುತ್ತ ಹೋದರು. ನೀಲಿ ಹುರಿಯ ನಡುವೆ, ಎಲ್ಲಕ್ಕಿಂತ ಉದ್ದ ಆಳಿದ ಅರಸನ ಕೊನೆಯ ಗಂಟುಗಳ ಹತ್ತಿರ ಅವರ ಕೈ ನಿಂತಿತು.

"ಅಣ್ಣ, ಇಂವಗ ಮುಪ್ಪಿನಾಗ ಕಾಲಿನ ಬ್ಯಾನಿ ಇತ್ತು."

"ಹೌದಲ್ಲ," ಎಂದರು ಅಯ್ಯನೋರು.

"ಕಾಲು ಹೋದಂವ ದರ್ಬಾರಿಗೆ ಹೆಂಗ ಬಂದಾನು? ಮಗನ್ನ ಕೂಡಿಸಿರಬೇಕು ಮಗ್ಗಲದಾಗ."

"ಕೂಡಿಸಿದಾಂತ ಬರದಿಲ್ಲ."

"ಬರದಿಲ್ಲ. ಆದ್ರ ಬ್ಯಾನಿ ಬಂದ ಮ್ಯಾಲೆ ಸಾಯೂಮಟ ಎರಡ್ಮೂರು ವರ್ಷ ಅದಾವ. ಅಪ್ಪನ ಲೆಕ್ಕದಾಗೂ ಅದಾವ, ಮಗನ ಲೆಕ್ಕದಾಗೂ ಇರಬೇಕು. ಇಬ್ಬರೂ ಕೂಡಿ ಆಳ್ಯಾರ."

ಅಮ್ಮನೋರು ಸೂಜಿ ತಂದರು. ಅಪ್ಪನ ಕೊನೆಯ ಮೂರು ಗಂಟುಗಳ ಮೇಲೆ ಮಗನ ಮೊದಲ ಮೂರು ಗಂಟುಗಳನ್ನು ಮಡಿಸಿ ಹೊಲಿದರು. ನೀಲಿ ಹುರಿ ಮೂರು ಗಂಟು ಹಿಂದೆ ಬಂತು. ಇನ್ನು ಎರಡು.

"ಕೊನಿ ಇಬ್ಬರು ಉಳಿದ್ರು," ಎಂದರು ತಮ್ಮ, ಮಗ್ಗಿ ಹೇಳುವ ಹುಡುಗನ ಹುರುಪಿನಲ್ಲಿ. "ಆ ಮನಿಗೆ ಸೊಸಿ ಎಲ್ಲಿಂದ ಬಂದಿದ್ಲು ಅಣ್ಣ? ಉತ್ತರದ ಅರಸನ ಮಗಳು."

"ಹೂಂ."

"ಸೊಸಿ ತವರಿನ ಪದ್ಧತಿ ತಂದಾಳ. ಅಲ್ಲಿಂದ ಮುಂದ ಇವರೂ ನಡಿಯೋ ವರ್ಷ ಎಣಿಸ್ಯಾರ. ಒಬ್ಬೊಬ್ಬಂದು ಒಂದೊಂದು ಗಂಟು."

ಅಮ್ಮನೋರು ನಕ್ಕರು. "ಮುದಗಲ್ಲಿಂದ ನಾ ಬಂದ ಮ್ಯಾಲೆ ಈ ಮನ್ಯಾಗ ಪುಂಡಿಪಲ್ಯಕ್ಕ ಬೆಳ್ಳುಳ್ಳಿ ಬಿತ್ತು ನೋಡ್ರಿ, ಹಂಗ." ಎರಡು ಮಡಿಕೆ ಹಾಕಿದರು. ನಾನು ಹುರಿಗಳ ತುದಿ ಹಿಡಿದು ಎಳೆದೆ. ಎರಡೂ ಸಮ. ತಮ್ಮ ಅಣ್ಣನ ಕೈ ಹಿಡಿದು ಆ ಎರಡು ತುದಿಗಳ ಮೇಲೆ ಇಟ್ಟರು. ಅಯ್ಯನೋರು ಹೆಬ್ಬೆರಳಿನಿಂದ ಬಿಳಿಯ ಗಂಟು ಮುಟ್ಟಿದರು, ನೀಲಿಯ ಗಂಟು ಮುಟ್ಟಿದರು. ತಮ್ಮನ ಕೈ ಬಿಡಲಿಲ್ಲ.

"ಪಂಡಿತರ ಊಹಾ ಇದು," ಎಂದರು ಕೊನೆಗೆ. "ಬ್ಯಾರೆ ಥರ ಹೇಳೋರೂ ಅದಾರ. ನೀ ಹೇಳುವಾಗ ಅದನ್ನೂ ಹೇಳು."

"ನಾ ಯಾಕ ಹೇಳಲಿ? ನೀನ ಬಾ. ಗುಡಿಯಾಗ ನೀ ಅವತ್ತು ನಿಲ್ಲಿಸಿದಲ್ಲಿಂದ ಶುರು ಮಾಡು."

"ನಿಲ್ಲಿಸಿದ್ದು ನಾನಲ್ಲ," ಎಂದರು ಅಯ್ಯನೋರು. ತಮ್ಮ ತಲೆ ತಗ್ಗಿಸಿದರು. ಅಯ್ಯನೋರೇ ಆ ಕೈ ಅದುಮಿ, "ಆಯ್ತು, ಬರ್ತೀನಿ," ಎಂದರು.

ಅವರಿಬ್ಬರೂ ಹೊರಗೆ ಕಟ್ಟೆಗೆ ಹೋದ ಮೇಲೆ ನಾನು ಅಮ್ಮನೋರನ್ನು ಕೇಳಿದೆ. "ಕಾಲ ಬ್ಯಾನಿ ಅರಸನ ಹಕೀಕತ್ತು ಅಯ್ಯನೋರಿಗೆ ಮರತಿತ್ತೇನ್ರಿ?"

ಅವರು ಸೂಜಿಯನ್ನು ಡಬ್ಬಿಗೆ ಚುಚ್ಚಿ ಮುಚ್ಚಳ ಹಾಕಿದರು. "ಆ ಸಂಗತಿ ಅವರು ನನ್ನ ಮದಿವ್ಯಾದ ವರ್ಷನ ಹೇಳಿದ್ರು. ಮರೀತಾರೇನ್ರಿ?" ಎಂದರು. "ಎಲ್ಲಾ ತಾವ ಬಿಡಿಸಿ ಕುಂತ್ರ, ಬಂದಂವಗ ಮಾಡಾಕ ಏನು ಉಳೀತೈತಿ?"

ತಮ್ಮ ಬರುತ್ತಾನೆಂದು ಅಯ್ಯನೋರಿಗೆ ಹೇಗೆ ಗೊತ್ತಿತ್ತೋ ನಾನು ಕೇಳಲಿಲ್ಲ.

ನಾಟಿ ಮುಗಿದ ಮೇಲಿನ ಒಂದು ಭಾನುವಾರ ಸಿಂಧನೂರಿನ ಆ ಗುಡಿಗೆ ನಾನೂ ಹೋದೆ. ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋದೆ, ಯಾರೂ ಏನೂ ಅನ್ನಲಿಲ್ಲ. ಬಳಗಾನೂರು ಕಡೆಯ ಹೆಣ್ಣುಮಕ್ಕಳು ಬಹಳ ಜನ ಬಂದಿದ್ದರು, ಗದ್ದೆಯ ಕೆಸರಿನಲ್ಲಿ ನಿಂತು ನಿಂತು ಬೆರಳ ಸಂದಿ ಬೆಳ್ಳಗಾದ ಪಾದಗಳು. ಕಿಟಕಿಯಿಂದ ಎದುರಿನ ಕಂಬದವರೆಗೆ ಹುರಿ ಕಟ್ಟಿದೆವು. ಹೊಲಿಗೆ ಬಿಚ್ಚಿ, ಮೊದಲಿನ ಹಾಗೇ ಉದ್ದಕ್ಕೆ ಬಿಟ್ಟಿದ್ದರು ಅಮ್ಮನೋರು. ಮಂದಿಯ ಎದುರಿಗೇ ಮಡಿಸಬೇಕೆಂದು.

ಸಣ್ಣ ಅಯ್ಯನೋರು ಮೊದಲು ಎದ್ದು ನಿಂತರು. "ಹಿಂದೊಮ್ಮಿ ಇದೇ ಜಾಗದಾಗ ನಮ್ಮ ಅಣ್ಣನ ಮಾತು ನಾ ತಡದಿದ್ದೆ. ಅವತ್ತು ಇದ್ದೋರು ಇಲ್ಲಿ ಅದೀರಿ. ಅವತ್ತು ತಪ್ಪಿದ್ದು ಅರಸರ ಹಿಸಾಬ ಅಲ್ಲ, ನಂದು. ಈಗ ಅಣ್ಣ ಹೇಳ್ತಾನ, ಕೇಳ್ರಿ," ಎಂದು ಕೂತರು.

ಅಯ್ಯನೋರು ಹುರಿ ಹಿಡಿದು ಹೇಳಿದರು. ಅವಸರವಿಲ್ಲದ, ಮನೆಯ ಮಾತಿನ ದನಿ. ಸಂಖ್ಯೆ ಹತ್ತುವುದಿಲ್ಲ ಎಂದಾಗ ಯಾರೂ ಎದ್ದು ಹೋಗಲಿಲ್ಲ. ನಡೆಯುವ ವರ್ಷ, ತುಂಬಿದ ವರ್ಷ ಎಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಹುರಿಯ ಹತ್ತಿರ ಬಂದು ಕೆಂಪು ದಾರ ಮುಟ್ಟಿ, "ಇದೇನ್ರಿ ಅಯ್ಯನೋರ?" ಎಂದಳು.

"ಅಂವ ಏಳು ದಿನದ ಅರಸ ಯವ್ವಾ."

"ಏಳ ದಿನ," ಎಂದಳು ಅವಳು. ದಾರವನ್ನು ಇನ್ನೊಮ್ಮೆ ಸವರಿ ಹೋಗಿ ಕೂತಳು. ಅವಳಿಗೆ ಯಾರ ನೆನಪಾಯಿತೋ.

ಸಂಜೆ ನಾವು ಬಸ್ ಸ್ಟ್ಯಾಂಡಿಗೆ ಬಂದೆವು. ಸಣ್ಣ ಅಯ್ಯನೋರೂ ಕುಂಟುತ್ತ ಜೊತೆಗೆ ಬಂದರು. ಬಸ್ಸಿನೊಳಗೆ ಬಂದು ಅಣ್ಣನನ್ನು ಕಿಟಕಿಯ ಪಕ್ಕ ಕೂರಿಸಿ, ತಾವೂ ಮಗ್ಗುಲಿಗೆ ಕೂತು ಮಾತಾಡುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅವರು ಇಳಿಯಲಿಲ್ಲ.

"ಇಳಿಯೋದಿಲ್ಲೇನು?" ಎಂದರು ಅಯ್ಯನೋರು.

"ಮಸ್ಕಿತನ ಬರ್ತೀನಿ."

ಮಸ್ಕಿ ಬಂತು. ಗುಡ್ಡದ ಮೇಲೆ ಬಿಸಿಲು ಇನ್ನೂ ಕೆಂಪಗಿತ್ತು. ಯಾರೋ ಇಳಿದರು, ಯಾರೋ ಹತ್ತಿದರು. ಸಣ್ಣ ಅಯ್ಯನೋರು ಅಣ್ಣನ ಭುಜಕ್ಕೆ ತಲೆ ಆನಿಸಿ, ಬಳಗಾನೂರಿನ ಯಾವುದೋ ಹಳ್ಳದಲ್ಲಿ ಅಣ್ಣ ತಮಗೆ ಈಜು ಕಲಿಸಿದ್ದನ್ನು ಹೇಳುತ್ತಿದ್ದರು. ಅಯ್ಯನೋರು "ಅದು ಹಳ್ಳ ಅಲ್ಲಲೇ, ಕಾಲುವಿ," ಎಂದು ತಿದ್ದಿದರು. ಹಿಂದಿನ ಸೀಟಿನಲ್ಲಿದ್ದ ಅಮ್ಮನೋರು ಕಂಡಕ್ಟರನನ್ನು ಕೈ ಮಾಡಿ ಕರೆದು, ಲಿಂಗಸುಗೂರಿಗೆ ಇನ್ನೊಂದು ಟಿಕೆಟ್ ತೆಗೆಸಿದರು.